ಅತ್ತೆಯ ಆನೆ ಗುರುತು

ನಮ್ಮೂರಿಗೆ ಚಹಾಪುಡಿ ಬಿಳಿ ಪೊಟ್ಟಣದಲ್ಲಿ ಬರುತ್ತದೆ. ಮೇಲೆ ಹೆಸರಿಲ್ಲ, ಚಿತ್ರವಿಲ್ಲ. ಮಂಗಳವಾರ ಲಾರಿ ಬಂದು ಪಾಪಣ್ಣಶೆಟ್ಟರ ಅಂಗಡಿಯ ಮುಂದೆ ಇಳಿಸಿ ಹೋಗುತ್ತದೆ. ಶೆಟ್ಟರು ಅದನ್ನು ಕೈಯಿಂದ ಮುಟ್ಟುವುದಿಲ್ಲ, ಇಕ್ಕಳದಲ್ಲಿ ಎತ್ತಿ ಮುಂದಿನ ಹಲಗೆಯ ಮೇಲಿಡುತ್ತಾರೆ. ಕೊಳ್ಳುವವರು ಕೈಗೆತ್ತಿಕೊಂಡು ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಕಾಗದದ ಮೇಲೆ ಗುರುತು ಮೂಡುತ್ತದೆ. ಕೆಲವರಿಗೆ ಆನೆ, ಕೆಲವರಿಗೆ ದೀಪ, ಉಳಿದವರಿಗೆ ಗುಬ್ಬಚ್ಚಿ.

ಕೈಯಲ್ಲಿರುವ ತನಕ ಆ ಗುರುತನ್ನು ನಂಬುವ ಹಾಗಿಲ್ಲ. ಪಕ್ಕಕ್ಕೆ ಯಾರು ಬಂದು ನಿಂತರು ಎಂಬುದರ ಮೇಲೆ ಅದು ಬದಲಾಗುತ್ತಿರುತ್ತದೆ. ಪೊಟ್ಟಣಕ್ಕೆ ಕತ್ತರಿ ತಾಗಿದರೆ ಮಾತ್ರ ಆಗ ಇದ್ದದ್ದು ನಿಂತುಬಿಡುತ್ತದೆ. ಅದಕ್ಕೆಂದೇ ಶೆಟ್ಟರು ಹಲಗೆಗೆ ಹುರಿ ಕಟ್ಟಿ ಒಂದು ಕತ್ತರಿ ಇಳಿಬಿಟ್ಟಿದ್ದಾರೆ. ಬೇಕಾದ ಗುರುತು ಬಂದ ಕೂಡಲೇ ಜನ ಮೂಲೆ ಕತ್ತರಿಸಿ, ಬಾಯಿ ಮಡಚಿ, ಚಿತ್ರ ಹೊರಗೆ ಕಾಣುವ ಹಾಗೆ ಹಿಡಿದುಕೊಂಡು ಹೋಗುತ್ತಾರೆ. ಮನೆಯಲ್ಲಿ ಪುಡಿಯನ್ನು ಡಬ್ಬಿಗೆ ಸುರಿದು ಆ ಕಾಗದವನ್ನು ಡಬ್ಬಿಗೆ ಅಂಟಿಸುತ್ತಾರೆ. ನಮ್ಮಲ್ಲಿ ಯಾರ ಮನೆಗೆ ಯಾರು ಬಂದರೂ ಕಣ್ಣು ಮೊದಲು ಹೋಗುವುದು ಆ ಡಬ್ಬಿಯ ಕಡೆಗೇ.

ಪುಡಿ ಎಲ್ಲ ಒಂದೇ ಎನ್ನುವುದು ನನ್ನ ಅಭಿಪ್ರಾಯ. ಒಪ್ಪುವವರು ಕಡಿಮೆ. ಆನೆಯದು ಗಟ್ಟಿ, ದೀಪದ್ದು ಘಮಘಮ, ಗುಬ್ಬಚ್ಚಿಯದು ಬರೀ ಚೊಗರು ಎಂದು ಆಣೆ ಮಾಡಿ ಹೇಳುತ್ತಾರೆ. ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಎದುರಿನ ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು, ಶೆಟ್ಟರ ಅಂಗಡಿಗೆ ತಮ್ಮ ಹಳೆಯ ಶಿಷ್ಯರು ಯಾರಾದರೂ ಬರುವ ತನಕ ಕಾಯುತ್ತಾರೆ. ಶಿಷ್ಯ ಕಂಡನೋ, ಎದ್ದು ಬಂದು ಪೊಟ್ಟಣ ಹಿಡಿಯುತ್ತಾರೆ. ಅವನು ‘ನಮಸ್ಕಾರ ಸಾರ್’ ಎನ್ನುವಾಗಲೇ ಕತ್ತರಿ ಹಾಕಿಬಿಡುತ್ತಾರೆ. ಪಕ್ಕದ ಬೀದಿಯ ಇಬ್ಬರು ಗೆಳತಿಯರು ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಒಬ್ಬಳಿಗೆ ದೀಪ ಬಂದರೆ ಇನ್ನೊಬ್ಬಳಿಗೆ ಗುಬ್ಬಚ್ಚಿ ಬರತೊಡಗಿತು. ಜಗಳವೇನೂ ಆಡಲಿಲ್ಲ. ಒಬ್ಬಳು ಬೆಳಿಗ್ಗೆ ಅಂಗಡಿಗೆ ಹೋಗತೊಡಗಿದಳು, ಇನ್ನೊಬ್ಬಳು ಸಂಜೆ. ಈಗ ಎದುರಿಗೆ ಸಿಕ್ಕರೆ ಬಿಸಿಲಿನ ವಿಷಯ ಮಾತಾಡುತ್ತಾರೆ.

ಪೊಟ್ಟಣವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಿಳಿಯಾಗಿಯೇ ಮನೆಗೆ ಒಯ್ಯಬಹುದು. ಬಾಗಿಲು ಹಾಕಿಕೊಂಡು, ಯಾರೂ ಇಲ್ಲದಾಗ ತನಗೆ ಯಾವುದು ಬರುತ್ತದೆ ಎಂದು ನೋಡಿಕೊಳ್ಳಲೂಬಹುದು. ನೋಡಿಕೊಂಡವರು ಇದ್ದೇ ಇರುತ್ತಾರೆ. ಕಂಡದ್ದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಬಟ್ಟೆಯಲ್ಲಿ ಸುತ್ತಿ ತರುವುದು ಹೆಚ್ಚಾಗಿ ಸಾವಿನ ಮನೆಗೆ. ಮನುಷ್ಯನ ಹೊತ್ತು ಹತ್ತಿರ ಬಂತು ಎಂದು ಗೊತ್ತಾದಾಗ ಒಂದು ಬಿಳಿ ಪೊಟ್ಟಣ ತಂದು ಅವರ ಕೈಗೆ ಕೊಡುವುದು ನಮ್ಮ ಪದ್ಧತಿ. ಅದನ್ನು ಕೊನೇ ಪೊಟ್ಟಣ ಎನ್ನುತ್ತೇವೆ. ಅದಕ್ಕೆ ಕತ್ತರಿ ಬೇಕಿಲ್ಲ. ಉಸಿರು ನಿಂತಾಗ ಇದ್ದ ಗುರುತು ಹಾಗೇ ನಿಂತುಬಿಡುತ್ತದೆ, ಆಮೇಲೆ ಯಾರು ಮುಟ್ಟಿದರೂ ಬದಲಾಗುವುದಿಲ್ಲ. ತಲೆಯ ಹತ್ತಿರ ಮಣೆ ಹಾಕಿ ಅದನ್ನಿಡುತ್ತಾರೆ. ಮಣ್ಣು ಮಾಡಿ ಬಂದವರಿಗೆ, ಆಮೇಲೆ ಮಾತಾಡಿಸಲು ಬರುವವರಿಗೆ ಅದೇ ಪುಡಿಯ ಚಹಾ. ‘ಅವರು ಆನೆಯಾಗಿ ಹೋದರು’ ಎನ್ನುವ ಒಂದು ಮಾತಿಗಾಗಿ ಇಲ್ಲಿ ಜನ ಏನೇನು ಮಾಡಿಲ್ಲ. ಒಬ್ಬ ಸಾಹುಕಾರರು ಸಾಯುವಾಗ ಅವರ ಮಕ್ಕಳು ಗದ್ದೆ ಕೆಲಸದವರನ್ನೆಲ್ಲ ಕರೆಸಿ ಮಂಚದ ಸುತ್ತ ಕೈಕಟ್ಟಿ ನಿಲ್ಲಿಸಿದ್ದರು. ಪಾಪ, ಮುದುಕರು ಬೇಗ ಸಾಯಲಿಲ್ಲ. ನಿಂತವರಲ್ಲಿ ಒಬ್ಬಳು ತಲೆ ಸುತ್ತಿ ಬಿದ್ದಳು.

ನನ್ನ ಹೆಸರು ಸರ್ವಮಂಗಳ. ನಾನು ಹೇಳಹೊರಟಿರುವುದು ನಮ್ಮತ್ತೆ ಚೆನ್ನಾಜಮ್ಮನವರ ಕೊನೇ ಪೊಟ್ಟಣದ ವಿಷಯ. ಊರಿನಲ್ಲಿ ಅದರ ಬಗ್ಗೆ ನಾನಾ ಥರ ಮಾತಾಡುತ್ತಾರೆ. ಅಲ್ಲಿ ಇದ್ದವಳು ನಾನೊಬ್ಬಳೇ.

ಮದುವೆಯಾಗಿ ಬರುವ ಮೊದಲು ತವರಿನಲ್ಲಿ ನನಗೆ ದೀಪ ಬರುತ್ತಿತ್ತು. ಅಣ್ಣ ತಮ್ಮಂದಿರ ಎದುರಿಗೂ ದೀಪವೇ, ಓರಗೆಯ ಹುಡುಗಿಯರ ಎದುರಿಗೂ ದೀಪವೇ. ಅದೊಂದು ದೊಡ್ಡ ವಿಷಯ ಎಂದು ನನಗೆ ಅನ್ನಿಸಿರಲೇ ಇಲ್ಲ. ಬಂದ ಹೊಸತರಲ್ಲಿ ಅತ್ತೆ ನನ್ನನ್ನು ಶೆಟ್ಟರ ಅಂಗಡಿಗೆ ಕರೆದುಕೊಂಡು ಹೋದರು. ಅವರು ಎತ್ತರದ ಹೆಂಗಸು, ಅಂಚು ದೊಡ್ಡದಿರುವ ಸೀರೆ, ಮಾತಾಡಿದರೆ ಅಂಗಡಿಯ ಆ ತುದಿಗೂ ಕೇಳಬೇಕು. ನಾನು ಕೈಚೀಲ ಹಿಡಿದು ಒಂದೆರಡು ಹೆಜ್ಜೆ ಹಿಂದೆ. ಅತ್ತೆ ಪೊಟ್ಟಣ ಎತ್ತಿಕೊಂಡರು. ಆನೆ ಬಂತು. ಎಂಥ ಆನೆ ಅಂತೀರಿ, ಸೊಂಡಿಲೆತ್ತಿ, ಕಿವಿ ಅಗಲಿಸಿ, ಕಾಗದದ ತುಂಬ. ಕತ್ತರಿ ಹಾಕಿ ನನ್ನ ಕಡೆ ತಿರುಗಿ, “ನೀನೂ ಒಂದು ಹಿಡಿಯೇ, ನೋಡೋಣ” ಎಂದರು. ಹಿಡಿದೆ. ಗುಬ್ಬಚ್ಚಿ ಬಂತು.

ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶೆಟ್ಟರ ಕಡೆ ನೋಡಿ ಸಣ್ಣಗೆ ನಕ್ಕು, “ಇದಕ್ಕೂ ಕತ್ತರಿ ಹಾಕ್ಕೊಡಿ, ಅಡುಗೆಮನೆಗೆ ಆಗುತ್ತೆ” ಎಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಎರಡು ಡಬ್ಬಿ. ಆನೆ ಡಬ್ಬಿ ನಡುಮನೆಯ ಗೂಡಿನಲ್ಲಿ, ಬಂದವರಿಗೆ, ಗಂಡಸರಿಗೆ, ಅತ್ತೆಗೆ. ಗುಬ್ಬಚ್ಚಿ ಡಬ್ಬಿ ಒಲೆಯ ಹಿಂದೆ, ನನಗೆ ಮತ್ತು ಪಾತ್ರೆ ತೊಳೆಯುವ ನಿಂಗಮ್ಮನಿಗೆ. ನನ್ನ ಗಂಡ ಮಹದೇವ ಒಳ್ಳೆಯ ಮನುಷ್ಯ. ಆದರೆ ಅವರು ಆ ಡಬ್ಬಿಯ ಕಡೆ ಒಂದು ದಿನವೂ ನೋಡಲಿಲ್ಲ, ಅಥವಾ ನೋಡಿಯೂ ನೋಡದ ಹಾಗಿದ್ದರು.

ಅತ್ತೆ ನನ್ನನ್ನು ಬಿಟ್ಟು ಅಂಗಡಿಗೆ ಹೋದದ್ದೇ ಇಲ್ಲ. ಜ್ವರವಿದ್ದರೂ ಎಬ್ಬಿಸುತ್ತಿದ್ದರು. “ಏಳೇ, ಗಾಳಿಗೆ ಬಂದ್ರೆ ಸರಿಹೋಗುತ್ತೆ.” ನಾನು ಹೆರಿಗೆಗೆ ತವರಿಗೆ ಹೋಗಿದ್ದಾಗ ಮನೆಯಲ್ಲಿ ಚಹಾಪುಡಿ ಮುಗಿದು, ಬಂದವರಿಗೆಲ್ಲ ಮಜ್ಜಿಗೆ ಕೊಡುತ್ತಿದ್ದರಂತೆ, ‘ಚಹಾ ಉಷ್ಣ, ಬಿಟ್ಟುಬಿಟ್ಟಿದ್ದೀವಿ’ ಎಂದು. ಬಾಣಂತನ ಮುಗಿಯುವ ಮೊದಲೇ ಮಗನನ್ನು ಕಳಿಸಿ ನನ್ನನ್ನು ಕರೆಸಿಕೊಂಡರು. ನನ್ನನ್ನು ಕಾಣದೆ ಬೇಜಾರಾಗಿರಬೇಕು ಎಂದುಕೊಂಡು ನಾನು ಖುಷಿಪಟ್ಟೆ. ಬಂದ ಮಾರನೆಯ ಬೆಳಿಗ್ಗೆಯೇ ಕೂಸನ್ನು ನಿಂಗಮ್ಮನ ಕೈಗೆ ಕೊಡಿಸಿ ಅಂಗಡಿಗೆ ಹೊರಡಿಸಿದರು.

ಹೀಗೇ ವರ್ಷಗಳು ಹೋದವು. ನನ್ನ ತಲೆಯಲ್ಲಿ ಬಿಳಿಕೂದಲು ಬಂದಿತ್ತು, ಆದರೂ ಅಂಗಡಿಯಲ್ಲಿ ಅವರ ಹಿಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಅಭ್ಯಾಸವಾದ ಮೇಲೆ ಅದು ಅವಮಾನ ಅಂತಲೂ ಅನ್ನಿಸುವುದಿಲ್ಲ, ಚಪ್ಪಲಿ ಬಾಗಿಲಲ್ಲಿ ಬಿಡುವ ಹಾಗೆ. ನಾನು ಗುಬ್ಬಚ್ಚಿಯವಳು ಎಂದು ನಾನೇ ನಂಬಿದ್ದೆ. ತವರಿಗೆ ಹೋದಾಗ ಅಲ್ಲಿಯೂ ದೀಪ ಬರುವುದು ಯಾವಾಗಲೋ ನಿಂತುಹೋಗಿತ್ತು.

ಹೋದ ವರ್ಷದ ಹಿಂದಿನ ವರ್ಷ ಹಬ್ಬದ ದಿನ ಅತ್ತೆ ಬಚ್ಚಲಿನಲ್ಲಿ ಬಿದ್ದರು. ಸೊಂಟ ಹೋಯಿತು, ಆಮೇಲೆ ಎಡಗೈ ಹೋಯಿತು. ಅವರನ್ನು ಎತ್ತುವುದು, ಒರೆಸುವುದು, ಬಟ್ಟೆ ಬದಲಾಯಿಸುವುದು ಎಲ್ಲ ನನ್ನ ಪಾಲಿಗೆ ಬಂತು. ಮೊದಮೊದಲು ಅತ್ತೆ ಗೋಡೆಯ ಕಡೆ ಮುಖ ಮಾಡಿಕೊಂಡು ನನ್ನಿಂದ ಸೇವೆ ಮಾಡಿಸಿಕೊಳ್ಳುತ್ತಿದ್ದರು. ಆಮೇಲಾಮೇಲೆ ಆ ನಾಚಿಕೆ ಹೋಯಿತು. ನನಗೂ ಹೋಯಿತು. “ಬಾಯಿ ತೆಗೀರಿ, ಎಷ್ಟು ಸಲ ಹೇಳೋದು” ಎಂದು ನಾನು ಗದರುತ್ತಿದ್ದೆ, “ಉಪ್ಪಿಲ್ಲ ಕಣೇ, ನಿನ್ನ ಕೈಗೇನಾಗಿದೆ” ಎಂದು ಅವರು ಬೈಯುತ್ತಿದ್ದರು. ಒಂದು ಮಧ್ಯಾಹ್ನ ಚಹಾ ಮಾಡಿ ತಂದಾಗ ಲೋಟದ ವಾಸನೆ ನೋಡಿ, “ಇದು ಬೇಡ. ನೀನು ಕುಡೀತೀಯಲ್ಲ, ಅದು ಹಾಕು” ಎಂದರು. ನನಗೆ ಅರ್ಥವಾಗಲಿಲ್ಲ. “ಒಲೆ ಹಿಂದಿನ ಡಬ್ಬೀದು ಕಣೇ” ಎಂದರು. ಮಾಡಿಕೊಟ್ಟೆ. ಒಂದು ಗುಟುಕು ಕುಡಿದು ಇನ್ನೊಂದಕ್ಕೆ ಬಾಯಿ ತೆರೆದರು. ಆಮೇಲೆ ದಿನಾ ಅದೇ. ಅವರಿಗೆ ಚಮಚದಲ್ಲಿ ಕುಡಿಸುತ್ತ, ನಡುವೆ ನಾನೊಂದು ಗುಟುಕು ಕುಡಿಯುತ್ತ, ಇಬ್ಬರೂ ಬೀದಿಯವರ ವಿಷಯ ಆಡಿಕೊಳ್ಳುತ್ತಿದ್ದೆವು. ಸುಳ್ಳೇಕೆ ಹೇಳಲಿ, ಆ ಮನೆಗೆ ಬಂದ ಮೇಲೆ ನಾನು ಅಷ್ಟು ಸುಖವಾಗಿದ್ದ ದಿನಗಳೇ ಇರಲಿಲ್ಲ.

ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನನ್ನ ನಾದಿನಿ ಗಿರಿಜಾಂಬ ಬಂದಳು. ಜೊತೆಗೆ ಅವಳ ಗಂಡ, ಗಂಡನ ಅಕ್ಕಂದಿರು, ಓರಗಿತ್ತಿಯರು. ಗಿರಿಜಳ ಮಗಳಿಗೆ ಆಗಷ್ಟೇ ಒಂದು ಸಂಬಂಧ ಮಾತಾಗಿತ್ತು. ಗಂಡಿನ ಕಡೆಯವರು ಮುತ್ತಜ್ಜನ ಕಾಲದಿಂದ ಆನೆಯವರು. ಅತ್ತೆಯ ಕೊನೇ ಪೊಟ್ಟಣದ ಚಹಾ ಕುಡಿಯಲು ಅವರು ಬಂದೇ ಬರುತ್ತಾರೆ. ಅದು ಆನೆಯಾಗಿರಬೇಕು, ಇಲ್ಲದಿದ್ದರೆ ಸಂಬಂಧದ ಗತಿಯೇನು ಎಂಬ ಒಂದೇ ಚಿಂತೆಯಲ್ಲಿ ಗಿರಿಜ ಅಳುವುದನ್ನೂ ಮರೆತಿದ್ದಳು. ಅವಳನ್ನು ನಾನು ಬೈಯುವುದಿಲ್ಲ. ಹೆತ್ತವಳಿಗೆ ಮಗಳ ಚಿಂತೆ ಇರದೆ ಇನ್ನೇನಿರುತ್ತದೆ.

ರೇಷ್ಮೆ ಬಟ್ಟೆಯಲ್ಲಿ ಸುತ್ತಿದ್ದ ಬಿಳಿ ಪೊಟ್ಟಣ ತಂದು ಗಿರಿಜ ತಾಯಿಯ ಬಲಗೈಗೆ ಕೊಟ್ಟಳು. ಎಲ್ಲರೂ ಮಂಚದ ಸುತ್ತ ನಿಂತಿದ್ದರು. ದೀಪ ಬಂತು. ಗಿರಿಜಳ ಓರಗಿತ್ತಿ ಒಬ್ಬಳು ಹೊರಗಿನಿಂದ ಒಳಗೆ ಬಂದು ಇಣುಕಿದಳು. ಮೈತುಂಬ ಒಡವೆ ಹಾಕಿದ್ದವಳು. ದೀಪ ಮಂಕಾಗಿ ಗುಬ್ಬಚ್ಚಿಯಾಯಿತು. ಯಾರೋ ಕೆಮ್ಮಿದರು. ಗಿರಿಜ ಪೊಟ್ಟಣವನ್ನು ಬಟ್ಟೆಯಿಂದ ಹಿಡಿದು ಎತ್ತಿಕೊಂಡು, ಬಂದವರನ್ನೆಲ್ಲ ಆಚೆ ಕಳಿಸಿ, ನಿಂಗಮ್ಮನನ್ನೂ ಸೊಪ್ಪು ಮಾರುವ ಹೆಂಗಸನ್ನೂ ಕರೆಸಿ ನಿಲ್ಲಿಸಿದಳು. ಮತ್ತೆ ಕೊಟ್ಟಳು. ಅವರ ಮುಂದೆ ಒದ್ದೆ ಹಾಸಿಗೆಯಲ್ಲಿ ಮಲಗಿದ್ದ ಅತ್ತೆ ಕಣ್ಣು ಮುಚ್ಚಿಕೊಂಡರು. ಗುಬ್ಬಚ್ಚಿಯೇ ಬಂತು. ನಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಬೇಡ ಬುಡ್ರವ್ವ, ಅಮ್ಮಾರ್ನ ಹಿಂಗ್ ಗೋಳು ಹುಯ್ಕೋಬ್ಯಾಡಿ” ಎಂದಳು.

ಆಗ ಅತ್ತೆ, “ಎಲ್ಲರೂ ಹೋಗಿ. ಮಂಗಳ ಒಬ್ಬಳೇ ಇರಲಿ” ಎಂದರು.

ಗಿರಿಜಳ ಮುಖ ಅರಳಿತು. ನನ್ನನ್ನು ಬಾಗಿಲಾಚೆ ಕರೆದು ಎರಡೂ ಕೈ ಹಿಡಿದುಕೊಂಡಳು. “ಅತ್ತಿಗೆ, ನನಗೆ ಹೊಳೀಲೇ ಇಲ್ಲ ನೋಡಿ. ನೀವು ಜೊತೇಲಿದ್ರೆ ಅಮ್ಮಂಗೆ ಯಾವತ್ತೂ ಆನೇನೇ. ನೀವು ಬರೋಕೆ ಮುಂಚೆ ನನ್ನ ಜೊತೆ ಹೋದ್ರೂ ದೀಪ ದಾಟ್ತಿರಲಿಲ್ಲ. ನೀವು ಮುಂಚೆ ಹೆಂಗೆ ನಿಲ್ತಿದ್ರೋ ಹಂಗೇ ನಿಂತ್ಕೊಳ್ಳಿ, ಅಷ್ಟು ಸಾಕು.”

“ಮುಂಚೆ ಹೆಂಗೆ ನಿಲ್ತಿದ್ದೆ?” ಎಂದೆ.

ಅವಳಿಗೆ ಹೇಳಲು ಮುಜುಗರವಾಯಿತು. ಆದರೂ ಹೇಳಿದಳು. “ತಲೆ ಬಗ್ಗಿಸ್ಕೊಂಡು. ಅಮ್ಮಂಗೆ ಹೆದರ್ಕೊಂಡು.”

ಒಳಗೆ ಹೋಗಿ ಬಾಗಿಲು ಹಾಕಿದೆ. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಮಂಚದ ಕಾಲಿನ ತನಕ ಬಂದಿತ್ತು. ಅತ್ತೆಯ ಎದೆಯ ಮೇಲೆ ಪೊಟ್ಟಣ, ಅದರ ಮೇಲೆ ಬಲಗೈ. ಗುಬ್ಬಚ್ಚಿ ಹಾಗೇ ಇತ್ತು. ಬಡಕಲು ಕಾಲು, ಪಕ್ಕಕ್ಕೆ ವಾಲಿಸಿದ ಕತ್ತು. ಇಷ್ಟು ವರ್ಷ ನನ್ನ ಡಬ್ಬಿಯ ಮೇಲಿದ್ದ ಅದೇ ಗುಬ್ಬಚ್ಚಿ.

“ಗಿರಿಜ ಹೇಳಿದಳಾ?” ಎಂದರು ಅತ್ತೆ.

“ಹೇಳಿದಳು.”

“ನಾನೇ ಹೇಳಬೇಕಿತ್ತು. ನಾನು ಮದುವೆಯಾಗಿ ಬಂದಾಗಿನಿಂದ್ಲೂ ನನಗೆ ಗುಬ್ಬಚ್ಚೀನೇ ಕಣೇ. ಒಬ್ಬಳೇ ಕೂತು ಎಷ್ಟು ಸಲ ನೋಡ್ಕೊಂಡಿದೀನಿ. ನಮ್ಮತ್ತೆ ಮುಂದೆ ಗುಬ್ಬಚ್ಚಿ, ಒಬ್ಬಳೇ ಇದ್ರೂ ಗುಬ್ಬಚ್ಚಿ, ಮಕ್ಕಳ ಜೊತೆ ಹೋದ್ರೆ ಎಲ್ಲೋ ಒಂದೊಂದ್ಸಲ ದೀಪ. ಗಟ್ಟಿಯಾಗಿ ಮಾತಾಡೋದು ಕಲ್ತೆ, ದೊಡ್ಡ ಅಂಚಿನ ಸೀರೆ ಉಟ್ಟೆ, ಆನೆ ಬರಲಿಲ್ಲ. ನೀನು ಬಂದೆ ನೋಡು, ಮೊದಲನೇ ದಿನ ಚೀಲ ಹಿಡ್ಕೊಂಡು ನನ್ನ ಹಿಂದೆ ನಿಂತ್ಕೊಂಡೆ. ಆನೆ ಬಂತು. ನನಗೇ ನಂಬಕ್ಕಾಗಲಿಲ್ಲ. ಕೈ ನಡುಗ್ತಿತ್ತು, ನೀನು ನೋಡಲಿಲ್ಲ.”

ನಾನು ನೋಡಿರಲಿಲ್ಲ. ನಾನು ನೆಲ ನೋಡುತ್ತಿದ್ದೆ.

ನನಗೆ ಸಿಟ್ಟು ಬಂತು. ಸಾಯುತ್ತಿರುವವರ ಎದುರು ಬರಬಾರದಷ್ಟು ಸಿಟ್ಟು. ಜ್ವರದಲ್ಲಿ ಎಬ್ಬಿಸಿ ಕರೆದೊಯ್ದದ್ದು ನೆನಪಾಯಿತು. ಬಾಣಂತನದಲ್ಲಿ ಕರೆಸಿಕೊಂಡದ್ದು, ನಾನು ಖುಷಿಪಟ್ಟದ್ದು ನೆನಪಾಯಿತು. ಶೆಟ್ಟರ ಎದುರಿನ ಆ ಸಣ್ಣ ನಗು ನೆನಪಾಯಿತು. “ಹಂಗಾದ್ರೆ ನನ್ನ ದೀಪ ಎಲ್ಲಿಗೆ ಹೋಯ್ತು ಅತ್ತೆ?” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅತ್ತೆಯ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು. ಒರೆಸಿಕೊಳ್ಳಲು ಅವರಿಗೆ ಕೈ ಬಿಡುವಿರಲಿಲ್ಲ, ಒಂದು ಕೈ ಸತ್ತಿತ್ತು, ಇನ್ನೊಂದರಲ್ಲಿ ಪೊಟ್ಟಣವಿತ್ತು. ನಾನೇ ಒರೆಸಿದೆ. ದಿನಾ ಒರೆಸುವ ಕೈ, ಸಿಟ್ಟಿಗೆ ಕಾಯದೆ ತಾನಾಗಿಯೇ ಹೋಯಿತು.

ಆಮೇಲೆ, “ಗಿರಿಜನ ಮಗಳಿಗೋಸ್ಕರ, ಒಂದು ಸಲ ನಿಂತ್ಕೋತೀಯಾ?” ಎಂದು ಕೇಳಿದರು.

ಎದ್ದೆ. ಮಂಚದ ಕಾಲಿನ ಹತ್ತಿರ ಹೋಗಿ, ಸೆರಗು ಹೊದ್ದು, ತಲೆ ಬಗ್ಗಿಸಿ ನಿಂತೆ. ಕೈಯಲ್ಲಿ ಚೀಲವೊಂದಿರಲಿಲ್ಲ. ಹಳೆಯದನ್ನೆಲ್ಲ ನೆನಪು ಮಾಡಿಕೊಂಡು ಹೆದರಲು ನೋಡಿದೆ. ನಿಜವಾಗಿ ಪ್ರಯತ್ನಪಟ್ಟೆ. ಕಣ್ಣೆತ್ತಿ ನೋಡಿದರೆ ಅಲ್ಲಿ ಮಲಗಿದ್ದದ್ದು, ಬೆಳಿಗ್ಗೆ ನಾನು ಸೀಗೆಪುಡಿ ಹಾಕಿ ತಲೆ ತೊಳೆದು, ಜಡೆ ಹೆಣೆದಿದ್ದ ಮುದುಕಿ. ಗಲ್ಲದ ಮೇಲೆ ಗಂಜಿ ಒಣಗಿತ್ತು, ನಾನು ಒರೆಸುವುದು ಮರೆತಿದ್ದೆ. ಹೆದರಿಕೆ ಎಲ್ಲಿಂದ ಬರಬೇಕು?

ಗುಬ್ಬಚ್ಚಿ ಅಲ್ಲಾಡಲಿಲ್ಲ.

ಅತ್ತೆ ಪೊಟ್ಟಣ ನೋಡಿದರು, ನನ್ನನ್ನು ನೋಡಿದರು. ಇದ್ದಕ್ಕಿದ್ದಂತೆ ನಗತೊಡಗಿದರು. ಶಬ್ದವಿಲ್ಲ, ಹೊಟ್ಟೆ ಮಾತ್ರ ಕುಲುಕುತ್ತಿತ್ತು. “ಬಾರೇ, ಸಾಕು. ನಿನ್ನ ಕೈಲಿ ಅಂಡು ತೊಳಿಸ್ಕೊಂಡ ಮೇಲೆ ಇನ್ನೆಲ್ಲಿ ಬರುತ್ತೆ ಆನೆ.” ನನಗೂ ನಗು ಬಂತು. ಹೊರಗೆ ಕೂತವರಿಗೆ ಕೇಳಬಾರದೆಂದು ಬಾಯಿಗೆ ಸೆರಗು ಒತ್ತಿಕೊಂಡೆ.

“ಬೇರೆ ಯಾರನ್ನಾದ್ರೂ ಕರೀಲಾ ಅತ್ತೆ? ನಿಮಗೆ ಹೆದರೋರು ಊರಲ್ಲಿ ಬೇಕಾದಷ್ಟು ಜನ ಇದಾರೆ.”

“ಬೇಡ.”

“ಗಿರಿಜ ನನ್ನನ್ನ ಸುಮ್ನೆ ಬಿಡಲ್ಲ.”

“ಬೈತಾಳೆ. ಬೈಸ್ಕೋ. ನೀನು ಬೈಸ್ಕೊಂಡಿಲ್ವಾ ನನ್ನ ಕೈಲಿ.” ಆಮೇಲೆ, “ಜನದ ಮಧ್ಯೆ ನನಗೆ ಭಯ ಆಗುತ್ತೆ ಕಣೇ ಮಂಗಳ. ಯಾವಾಗ್ಲೂ ಆಗ್ತಿತ್ತು. ನೀನು ಇಲ್ಲೇ ಇರು. ಇದು ಹೆಂಗಿದ್ಯೋ ಹಂಗೇ ಇರಲಿ” ಎಂದರು.

ಚಹಾ ಕೇಳಿದರು. ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ಹೋಗಿ ಒಲೆಯ ಹಿಂದಿನ ಡಬ್ಬಿಯಿಂದ ಪುಡಿ ಹಾಕಿ ಮಾಡಿ ತಂದೆ. ಎರಡು ಚಮಚ ಒಳಗೆ ಹೋಯಿತು, ಮೂರನೆಯದು ಕಟವಾಯಿಯಿಂದ ಇಳಿಯಿತು. ನಾನು ಮಂಚದ ಮೇಲೆ ಕೂತು ಅವರ ತಲೆಯನ್ನು ತೊಡೆಗೆ ಒರಗಿಸಿಕೊಂಡೆ. ಲೋಟದಲ್ಲಿ ಉಳಿದದ್ದನ್ನು ನಾನು ಕುಡಿದೆ. ಬಿಸಿಲು ಮಂಚದಿಂದ ಇಳಿದು ಗೋಡೆಗೆ ಹೋಗುವ ಹೊತ್ತಿಗೆ ಅತ್ತೆ ಹೋಗಿಬಿಟ್ಟಿದ್ದರು. ಪೊಟ್ಟಣದ ಮೇಲಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಎತ್ತಿಕೊಂಡೆ. ಗುಬ್ಬಚ್ಚಿ ನಿಂತಿತ್ತು.

ಬಾಗಿಲು ತೆಗೆದಾಗ ಗಿರಿಜ ಮೊದಲು ನೋಡಿದ್ದು ತಾಯಿಯ ಮುಖವನ್ನಲ್ಲ, ನನ್ನ ಕೈಯನ್ನು. “ಏನು ಮಾಡಿದ್ರಿ ಅತ್ತಿಗೆ?” ಎಂದು ಕಿರುಚಿದಳು. “ಇಷ್ಟು ದಿನದ ಹೊಟ್ಟೆಕಿಚ್ಚು ಇವತ್ತು ತೀರಿಸ್ಕೊಂಡ್ರಾ?” ಅತ್ತೆ ಹೇಳಿದ್ದನ್ನು ನಾನು ಹೇಳಬಹುದಿತ್ತು. ಹೇಳಿದ್ದರೆ, ಚೆನ್ನಾಜಮ್ಮ ಯಾವತ್ತೂ ಆನೆಯಾಗಿರಲೇ ಇಲ್ಲ ಎಂದು ಊರಿಗೆ ಗೊತ್ತಾಗುತ್ತಿತ್ತು. ಸೊಸೆ ಹಾಳುಮಾಡಿದಳು ಎಂದು ಆಡಿಕೊಂಡರೆ ಅಷ್ಟಕ್ಕೇ ಮುಗಿಯುತ್ತದೆ. ಮಹದೇವ ಮಾತ್ರ ಒಳಗೆ ಬಂದು ತಾಯಿಯ ಕಾಲ ಹತ್ತಿರ ಕೂತಿದ್ದವರು ಎದ್ದು, ಪೊಟ್ಟಣವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ತಾವೇ ಮಣೆಯ ಮೇಲಿಟ್ಟರು. ಚಿತ್ರ ಜನರ ಕಡೆಗಿರುವ ಹಾಗೆ ಇಟ್ಟರು.

ಬಂದವರಿಗೆಲ್ಲ ಆ ಚಹಾವನ್ನು ನಾನೇ ಕೊಟ್ಟೆ. ಕೆಲವರು ಲೋಟ ತುಟಿಗೆ ತಾಗಿಸಿ ಕೆಳಗಿಟ್ಟರು. ಮೇಷ್ಟ್ರು ಪೂರ್ತಿ ಕುಡಿದು ಇನ್ನರ್ಧ ಲೋಟ ಕೇಳಿದರು, ಯಾಕೋ ಅವರ ಕಣ್ಣು ತುಂಬಿತ್ತು. ಗಿರಿಜಳ ಬೀಗರಾಗಬೇಕಿದ್ದವರು ಮರ್ಯಾದೆಗೆ ಅರ್ಧ ಕುಡಿದು, ‘ಹೊರಡ್ತೀವಿ’ ಎಂದು ಎದ್ದರು. ಆ ಸಂಬಂಧ ಆಗಲಿಲ್ಲ. ಹುಡುಗಿಗೆ ಆಮೇಲೆ ಬೇರೆ ಕಡೆ ಮದುವೆಯಾಯಿತು, ನನಗೆ ಕರೆ ಬರಲಿಲ್ಲ. ಗಿರಿಜ ಇವತ್ತಿಗೂ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳ ಮಗಳ ವಿಷಯ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಆದರೆ ಮತ್ತೆ ಆ ಮಧ್ಯಾಹ್ನ ಬಂದರೆ ನಾನು ಬೇರೇನು ಮಾಡಬಲ್ಲೆನೋ ಗೊತ್ತಿಲ್ಲ.

ನಡುಮನೆಯ ಗೂಡಿನಲ್ಲಿ ಈಗ ಒಂದೇ ಡಬ್ಬಿ ಇದೆ. ಅತ್ತೆಯ ಕೊನೇ ಪೊಟ್ಟಣದ ಕಾಗದವನ್ನು ಅದಕ್ಕೆ ನಾನೇ ಅಂಟಿಸಿದೆ. ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಈ ವರ್ಷ ನನ್ನ ಮಗನಿಗೆ ಮದುವೆಯಾಯಿತು. ಸೊಸೆಯ ಹೆಸರು ಹೇಮಾವತಿ. ಮೆಲು ಮಾತಿನ ಹುಡುಗಿ, ಕೆಲಸದಲ್ಲಿ ಚುರುಕು. ಮೊನ್ನೆ ಚಹಾಪುಡಿ ಮುಗಿದಿತ್ತು. “ಬಾಮ್ಮ, ಅಂಗಡಿ ಬೀದಿ ನೋಡಿದ ಹಾಗೂ ಆಗುತ್ತೆ” ಎಂದು ಅವಳನ್ನು ಕರೆದುಕೊಂಡು ಹೊರಟೆ. ನನಗೆ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಕೈಚೀಲವನ್ನು ಅವಳೇ ಇಸಿದುಕೊಂಡಳು.

ಪಾಪಣ್ಣಶೆಟ್ಟರು ಈಗ ಮುದುಕರಾಗಿದ್ದಾರೆ, ಇಕ್ಕಳವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಹಲಗೆಯ ಮೇಲೆ ಪೊಟ್ಟಣವಿಟ್ಟರು. ನಾನು ಎತ್ತಿಕೊಂಡೆ, ಗುಬ್ಬಚ್ಚಿ ತಾನೇ ಎಂದು ನೋಡಲೂ ಇಲ್ಲ. ಶೆಟ್ಟರು, “ಅಮ್ಮಾವ್ರೇ!” ಎಂದರು. ನೋಡಿದೆ.

ಆನೆ. ಸೊಂಡಿಲೆತ್ತಿ, ಕಿವಿ ಅಗಲಿಸಿ, ಕಾಗದದ ತುಂಬ.

“ಚೆನ್ನಾಜಮ್ಮನವರ ಕೈಲಿ ಬರ್ತಿತ್ತಲ್ಲ, ಥೇಟು ಅದೇ” ಎಂದರು ಶೆಟ್ಟರು. “ಬೇಗ ಕತ್ತರಿ ಹಾಕಿ ತಾಯಿ, ಬಂದಾಗ್ಲೇ ಹಾಕಿಬಿಡಬೇಕು.” ಕತ್ತರಿಯನ್ನು ನನ್ನ ಕಡೆ ಸರಿಸಿದರು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿ ಜಾಗ ಬಿಟ್ಟು ನಿಂತರು. ನನ್ನ ಕೈ ನಡುಗುತ್ತಿತ್ತು. ನನಗೆ ಸಂತೋಷವಾಯಿತು. ಮುಚ್ಚಿಟ್ಟು ಏನು ಪ್ರಯೋಜನ, ಮೈಯೆಲ್ಲ ಬಿಸಿಯಾಗುವಷ್ಟು ಸಂತೋಷವಾಯಿತು. ಬೆನ್ನು ನೆಟ್ಟಗಾಯಿತು. ಕತ್ತರಿಗೆ ಬೆರಳು ಹಾಕಿದೆ.

ಆಗ ಹಿಂದೆ ನೋಡಿದೆ. ಹೇಮ ಒಂದೆರಡು ಹೆಜ್ಜೆ ಹಿಂದೆ ಚೀಲ ಹಿಡಿದು ನಿಂತಿದ್ದಳು. ನನ್ನ ಆನೆಯನ್ನು ಅವಳು ನೋಡಿರಲೇ ಇಲ್ಲ. ನೆಲ ನೋಡುತ್ತಿದ್ದಳು.

ಕತ್ತರಿಯನ್ನು ಬಿಟ್ಟೆ. ಅದು ಹುರಿಯ ತುದಿಯಲ್ಲಿ ಅತ್ತಿತ್ತ ತೂಗಾಡಿತು. ಪೊಟ್ಟಣವನ್ನು ಹಾಗೇ ಹೇಮಳ ಕೈಯ ಚೀಲಕ್ಕೆ ಹಾಕಿದೆ. “ಅಯ್ಯೋ, ಮನೆಗೆ ಹೋಗೋದ್ರೊಳಗೆ ಅಳಿಸಿಹೋಗುತ್ತಲ್ಲಮ್ಮ” ಎಂದು ಶೆಟ್ಟರು ಒದ್ದಾಡಿದರು. “ಹೋಗಲಿ ಬಿಡಿ” ಎಂದು ಹೊರಟೆ. ಅವರು, ಸೊಸೆಯೂ ಒಂದು ಹಿಡಿಯಲಿ, ಹೊಸಬಳು, ನೋಡೋಣ ಎಂದರು. ನಾನು ಬೇಡವೆಂದೆ.

ಬೀದಿಗಿಳಿದು ಸ್ವಲ್ಪ ದೂರ ನಡೆದ ಮೇಲೆ ನಿಂತೆ. ಹೇಮ ಬಂದು ಸೇರಿಕೊಳ್ಳಲಿ ಎಂದು. ಅವಳೂ ನಿಂತಳು, ಅಷ್ಟೇ ದೂರದಲ್ಲಿ, ಹಿಂದೆ.

“ಪಕ್ಕಕ್ಕೆ ಬಾಮ್ಮ, ಜೊತೇಲಿ ಹೋಗೋಣ” ಎಂದೆ.

“ಪರವಾಗಿಲ್ಲ ಅತ್ತೆ, ನೀವು ನಡೀರಿ” ಎಂದಳು. ಅದರಲ್ಲಿ ಮುನಿಸಿರಲಿಲ್ಲ, ಬರೀ ಮರ್ಯಾದೆ ಇತ್ತು. ಅವಳ ತಾಯಿ ಹೇಳಿ ಕಳಿಸಿರಬೇಕು, ನನ್ನ ತಾಯಿ ನನಗೆ ಹೇಳಿ ಕಳಿಸಿದ ಹಾಗೆ.

ಸೈಕಲ್ಲಿನವನೊಬ್ಬ ಬೆಲ್ಲು ಬಾರಿಸಿ, ನಮ್ಮಿಬ್ಬರ ನಡುವೆ ಇದ್ದ ಜಾಗದಲ್ಲಿ ನುಗ್ಗಿ ಹೋದ. ಕ್ಷೌರದಂಗಡಿಯ ಬೆಂಚಿನಿಂದ ಮೇಷ್ಟ್ರು ನೋಡುತ್ತಿದ್ದರು. ಹೇಮ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು. ಬಿಸಿಲು ಚುರುಗುಟ್ಟುತ್ತಿತ್ತು, ಮನೆಯಲ್ಲಿ ಒಲೆ ಹಚ್ಚುವ ಹೊತ್ತಾಗಿತ್ತು. ನಾನು ಮುಂದೆ ನಡೆದರೆ ಅವಳು ಹಿಂದೆ ಬರುತ್ತಾಳೆ ಎಂದು ಗೊತ್ತಿತ್ತು. ನಾನು ಅಲ್ಲೇ ನಿಂತುಕೊಂಡೆ, ಅವಳು ತಲೆಯೆತ್ತುವ ತನಕ.